ಕುರ್ಚಿಯ ಬೆನ್ನ ಮೇಲಿನ ನಂಬರ್

ಮನೆಯಿಂದಲೇ ಕೆಲಸ ಶುರುವಾಗಿ ಒಂದು ವರ್ಷ ದಾಟುವಷ್ಟರಲ್ಲಿ ನನ್ನ ಸೊಂಟ ಕೈಕೊಟ್ಟಿತು. ಊಟದ ಮೇಜಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ದಿನಕ್ಕೆ ಹತ್ತು ಗಂಟೆ ಕೂತರೆ ಇನ್ನೇನಾಗುತ್ತೆ? "ಮಾತ್ರೆ ಬೇಡ, ಮೊದಲು ಒಳ್ಳೇ ಕುರ್ಚಿ ತಗೊಳ್ಳಿ" ಅಂದರು ಡಾಕ್ಟ್ರು. ಹಾಗೆ ಒಂದು ರಾತ್ರಿ ಕುರ್ಚಿ ಹುಡುಕುತ್ತಾ ಹುಡುಕುತ್ತಾ, ಎಲ್ಲಿಂದ ಎಲ್ಲಿಗೋ ಹೋಗಿ, ಯಾವುದೋ ವಿದೇಶಿ ಹರಾಜು ಮನೆಯ ಕ್ಯಾಟಲಾಗ್‌ಗೆ ಬಂದು ನಿಂತೆ.

ಅಲ್ಲೊಂದು ಕುರ್ಚಿ ಇತ್ತು. ತೇಗದ ಮರ, ಬೆತ್ತದ ಹೆಣಿಗೆ, ಕೈವಾರ ಅಗಲಿಸಿಟ್ಟ ಹಾಗೆ ಕಾಲುಗಳು. ನೋಡಿದ ಕೂಡಲೇ ಎಲ್ಲೋ ನೋಡಿದೀನಲ್ಲ ಅನ್ನಿಸಿತು. ಸರ್ಕಾರಿ ಆಫೀಸಿನಲ್ಲಿ, ಹಳೇ ಆಸ್ಪತ್ರೆಯ ವರಾಂಡದಲ್ಲಿ, ಹೆಡ್‌ಮಾಸ್ಟರ ಕೊಠಡಿಯಲ್ಲಿ ಇರುತ್ತಲ್ಲ, ಆ ಜಾತಿಯ ಕುರ್ಚಿ. ಬೆಲೆ ನೋಡಿದೆ. ಡಾಲರನ್ನು ರೂಪಾಯಿ ಮಾಡಿದೆ. ತಪ್ಪಾಯಿತೇನೋ ಅಂತ ಇನ್ನೊಂದು ಸಲ ಮಾಡಿದೆ. ಲಕ್ಷಗಳಲ್ಲೇ ಇತ್ತು.

ಇನ್ನೂ ವಿಚಿತ್ರ ಅಂದರೆ ಫೋಟೋಗಳಲ್ಲಿ ಒಂದು, ಕುರ್ಚಿಯ ಹಿಂಭಾಗದ್ದು. ಅಲ್ಲಿ ಬಿಳಿ ಬಣ್ಣದಲ್ಲಿ, ಒರಟು ಅಕ್ಷರದಲ್ಲಿ, ಇಲಾಖೆಯ ಹೆಸರು ಮತ್ತು ಒಂದು ನಂಬರ್. ನಮ್ಮ ಸ್ಟಾಕ್ ರಿಜಿಸ್ಟರ್ ಸಂಪ್ರದಾಯ. ಆ ಬಿಳಿ ಬರಹವನ್ನು ಕ್ಯಾಟಲಾಗಿನವರು ಅಳಿಸಿರಲಿಲ್ಲ. ದೇವರ ಫೋಟೋ ತೆಗೆಯೋ ಹಾಗೆ ಬೆಳಕು ಬಿಟ್ಟು, ಹತ್ತಿರದಿಂದ ತೆಗೆದು ತೋರಿಸಿದ್ದರು.

ಇದರ ಹಿಂದೆ ಬೀಳೋದಕ್ಕೆ ನನಗೆ ನನ್ನದೇ ಕಾರಣ ಇತ್ತು. ನಮ್ಮದು ಆಚಾರಿ ಮನೆ. ತಾತ ಉಳಿ ಹಿಡಿದವರು, ಅಪ್ಪನೂ ಉಳಿ ಹಿಡಿದವರು, ನಾನು ಮಾತ್ರ ಕೀಬೋರ್ಡ್ ಹಿಡಿದೆ. ಅದಿರಲಿ, ಆಮೇಲೆ ಹೇಳ್ತೀನಿ. ಮೊದಲು ಆ ಕುರ್ಚಿಯ ಕಥೆ.

ಆ ಕುರ್ಚಿ ಹುಟ್ಟಿದ್ದು ಚಂಡೀಗಢದಲ್ಲಿ. 1947ರಲ್ಲಿ ದೇಶ ಒಡೆದಾಗ ಪಂಜಾಬಿನ ರಾಜಧಾನಿ ಲಾಹೋರ್ ಆಚೆ ಕಡೆಗೆ ಹೋಯಿತು. ಈಚೆ ಉಳಿದ ಪಂಜಾಬಿಗೆ ರಾಜಧಾನಿಯೇ ಇಲ್ಲ. ಹೊಸ ಊರನ್ನೇ ಕಟ್ಟೋಣ ಅಂತ ಹೊರಟರು. ಮೊದಲು ನಕ್ಷೆ ಮಾಡಲು ಬಂದವರು ಅಮೆರಿಕದ ಆಲ್ಬರ್ಟ್ ಮೇಯರ್ ಮತ್ತು ಅವರ ಜೊತೆಗಾರ ಮ್ಯಾಥ್ಯೂ ನೊವಿಟ್ಸ್ಕಿ. 1950ರಲ್ಲಿ ನೊವಿಟ್ಸ್ಕಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಮೇಲೆ ಕೆಲಸ ಲೆ ಕಾರ್ಬೂಸಿಯೆ ಕೈಗೆ ಬಂತು. ಅವರ ಹೆಸರು ನೀವು ಕೇಳಿರ್ತೀರಿ. ಆದರೆ ಅವರು ವರ್ಷಕ್ಕೆ ಒಂದೆರಡು ಸಲ ಬಂದು ಹೋಗುತ್ತಿದ್ದವರು. ಧೂಳಲ್ಲಿ, ಬಿಸಿಲಲ್ಲಿ ಅಲ್ಲೇ ಉಳಿದವರು ಅವರ ಸಂಬಂಧಿ, ದಾಯಾದಿ ತಮ್ಮ ಅನ್ನಬಹುದು, ಪಿಯೆರ್ ಜೀನರೆ. 1951ರಲ್ಲಿ ಬಂದವರು 1965ರವರೆಗೆ ಇದ್ದರು. ಆರೋಗ್ಯ ಕೆಟ್ಟು ವಾಪಸ್ ಹೋಗಿ 1967ರಲ್ಲಿ ಜಿನೀವಾದಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಬೂದಿಯನ್ನು ಚಂಡೀಗಢದ ಸುಖ್ನಾ ಕೆರೆಯಲ್ಲೇ ಬಿಟ್ಟರು. ಸೆಕ್ಟರ್ 5ರಲ್ಲಿ ಅವರಿದ್ದ ಮನೆ ಈಗ ಮ್ಯೂಸಿಯಂ.

ಊರು ಕಟ್ಟಿದ್ದಾಯಿತು. ಸಚಿವಾಲಯ, ಹೈಕೋರ್ಟ್, ವಿಧಾನಸಭೆ, ಪಂಜಾಬ್ ವಿಶ್ವವಿದ್ಯಾಲಯ, ಹಾಸ್ಟೆಲ್‌ಗಳು, ಕಾಲೇಜುಗಳು. ಒಳಗೆ ಕೂರೋದು ಯಾತರ ಮೇಲೆ? ಸಾವಿರಾರು ಜನಕ್ಕೆ ಕುರ್ಚಿ, ಮೇಜು, ಕಪಾಟು ಬೇಕು. ವಿದೇಶದಿಂದ ತರಿಸಲು ದುಡ್ಡಿಲ್ಲ. ಆಗ ಜೀನರೆ ಮತ್ತು ಅವರ ತಂಡ ಇಲ್ಲೇ ಸಿಗುವ ಮರ, ಇಲ್ಲೇ ಸಿಗುವ ಕೈ, ಇಲ್ಲಿನ ಸೆಕೆ ಮೂರನ್ನೂ ಲೆಕ್ಕ ಹಾಕಿದರು. ತೇಗ ಮತ್ತು ಶೀಶಮ್ ಮರ. ಬೆವರು ಕೂರದ ಹಾಗೆ, ಗಾಳಿ ಆಡುವ ಹಾಗೆ ಬೆತ್ತ. ಸ್ಥಳೀಯ ಬಡಗಿಗಳು ತಮ್ಮ ಉಳಿ ಗರಗಸದಲ್ಲೇ ಮಾಡಬಹುದಾದ ಜೋಡಣೆ. ಆ ಕೈವಾರದ ಕಾಲು ಇದೆಯಲ್ಲ, ಅದು ಬರೀ ಅಂದಕ್ಕಲ್ಲ. ಎರಡು ಓರೆ ಕಾಲುಗಳು ಮೇಲೆ ಒಂದಕ್ಕೊಂದು ಸೇರಿ ತ್ರಿಕೋನವಾದಾಗ ಕುರ್ಚಿ ಹಿಂದಕ್ಕೆ ಮುಂದಕ್ಕೆ ಆಡುವುದಿಲ್ಲ. ಗುಮಾಸ್ತರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ಕೂರುತ್ತಾರೆ ಅಂತ ಜೀನರೆಗೂ ಗೊತ್ತಿತ್ತೋ ಏನೋ.

ತಂಡ ಅಂದೆ. ಅದರಲ್ಲಿ ಯೂಲಿ ಚೌಧುರಿ ಇದ್ದರು. ಭಾರತದ ಮೊದಮೊದಲ ಮಹಿಳಾ ವಾಸ್ತುಶಿಲ್ಪಿಗಳಲ್ಲೊಬ್ಬರು, ಮುಂದೆ ಹರಿಯಾಣ ಮತ್ತು ಪಂಜಾಬಿನ ಮುಖ್ಯ ವಾಸ್ತುಶಿಲ್ಪಿಯಾದವರು. ಹಲವು ಪೀಠೋಪಕರಣಗಳ ವಿನ್ಯಾಸದಲ್ಲಿ ಅವರ ಕೈಯಿದೆ. ಆದರೆ ಹರಾಜಿನ ಪುಟಗಳಲ್ಲಿ ದಪ್ಪಕ್ಷರದ ಹೆಸರು ಒಂದೇ, ಪಿಯೆರ್ ಜೀನರೆ. ಯೂಲಿ ಹೆಸರು ಬಂದರೆ ಪುಣ್ಯ.

ಒಂದು ಮಾತು ಮರೆತೆ. ಕುರ್ಚಿ ಅನ್ನೋ ಪದವೇ ಅರಬ್ಬಿ, ಪಾರ್ಸಿ ದಾರಿ ಹಿಡಿದು ನಮಗೆ ಬಂದಿದ್ದು. ಅಲಮಾರು ಪೋರ್ಚುಗೀಸರದು, ಬೆಂಚು ಇಂಗ್ಲಿಷರದು. ನಮ್ಮದು ಅಂತ ಇದ್ದಿದ್ದು ಮಣೆ, ಚಾಪೆ, ಮಂಚ, ತೊಟ್ಟಿಲು. ನೆಲದ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದ ದೇಶ ಕುರ್ಚಿ ಮೇಲೆ ಕೂತು ಫೈಲ್ ನೋಡೋ ದೇಶ ಆಗಿದ್ದು ಸಣ್ಣ ಸಂಗತಿ ಅಲ್ಲ. ಚಂಡೀಗಢದ ಕುರ್ಚಿ ಆ ಬದಲಾವಣೆಯ ಸಾಕ್ಷಿ. ಸ್ವತಂತ್ರ ದೇಶದ ಮೊದಲ ತಲೆಮಾರಿನ ಗುಮಾಸ್ತರು ಕೂತ ಕುರ್ಚಿ ಅದು.

ಹಾಗಾದರೆ ಅದು ಪ್ಯಾರಿಸ್, ನ್ಯೂಯಾರ್ಕ್ ಸೇರಿದ್ದು ಹೇಗೆ?

ಕಳ್ಳತನ ಆಯ್ತು ಅಂತ ಬಹಳ ಜನ ಬರೀತಾರೆ. ನಾನೂ ಮೊದಲು ಹಾಗೇ ಅಂದುಕೊಂಡು ಕೋಪ ಮಾಡಿಕೊಂಡಿದ್ದೆ. ಆದರೆ ಮುಖ್ಯ ದಾರಿ ಕಳ್ಳದಾರಿ ಆಗಿರಲಿಲ್ಲ. ಅದು ನಮಗೆಲ್ಲ ಗೊತ್ತಿರುವ, ಪಕ್ಕಾ ಕಾನೂನುಬದ್ಧ ದಾರಿ: ಕಂಡಮ್. ಕುರ್ಚಿ ಮುರಿಯಿತು, ಬೆತ್ತ ಹರಿಯಿತು, ರಿಪೇರಿ ಖರ್ಚು ಜಾಸ್ತಿ ಅಂತ ಒಂದು ಸಮಿತಿ ಬರೆಯಿತು, ಸಾಹೇಬರು ಸಹಿ ಹಾಕಿದರು, ಹರಾಜು ಕೂಗಿದರು. ಸ್ಟೀಲ್ ಕುರ್ಚಿ, ರೆಕ್ಸಿನ್ ಕುರ್ಚಿ ಬಂದ ಮೇಲೆ ಹಳೆಯವು ಕಟ್ಟಡಗಳ ತಾರಸಿ ಮೇಲೆ, ಹಿತ್ತಲಲ್ಲಿ ರಾಶಿ ಬಿದ್ದವು. ಆ ರಾಶಿಗಳ ಫೋಟೋ ಇವತ್ತಿಗೂ ಸಿಗುತ್ತವೆ. ಕಾಲು ಮೇಲೆ ಮಾಡಿಕೊಂಡು ಬಿದ್ದ ನೂರಾರು ಕುರ್ಚಿಗಳು. ಗುಜರಿಯವರು ತೂಕದ ಲೆಕ್ಕದಲ್ಲಿ ಕೊಂಡರು. ಎಷ್ಟೋ ಒಲೆಗೆ ಹೋದವು.

1990ರ ದಶಕದ ಕೊನೆಗೆ ಫ್ರಾನ್ಸಿನ ಕೆಲವು ವ್ಯಾಪಾರಿಗಳು ಚಂಡೀಗಢಕ್ಕೆ ಬಂದರು. ಎರಿಕ್ ತುಶಾಲೋಮ್, ಫ್ರಾನ್ಸ್ವಾ ಲಫನೂರ್, ಪ್ಯಾಟ್ರಿಕ್ ಸೆಗೆ, ಫಿಲಿಪ್ ಜೂಸ್. ಅದೇ ಸರ್ಕಾರಿ ಹರಾಜುಗಳಲ್ಲಿ, ಅದೇ ಗುಜರಿಯವರಿಂದ, ರಸೀದಿ ಸಮೇತ ಕೊಂಡರು. ಹಡಗಿಗೆ ಹಾಕಿ ಕಳಿಸಿದರು. ಅಲ್ಲಿ ತೊಳೆದು, ಹೊಸ ಬೆತ್ತ ಹಾಕಿಸಿ, ಪಾಲಿಶ್ ಮಾಡಿಸಿ, ಬಿಳಿ ನಂಬರನ್ನು ಮಾತ್ರ ಜೋಪಾನವಾಗಿ ಉಳಿಸಿ ಗ್ಯಾಲರಿಯಲ್ಲಿಟ್ಟರು. ಆಮೇಲೆ ಪುಸ್ತಕ ಬರೆದರು. 2010ರಲ್ಲಿ ತುಶಾಲೋಮ್ ಮತ್ತು ಜೆರಾಲ್ಡ್ ಮೊರೋ ಸೇರಿ ಚಂಡೀಗಢದ ಪೀಠೋಪಕರಣಗಳ ಮೇಲೆ ದಪ್ಪನೆಯ ಪುಸ್ತಕವನ್ನೇ ತಂದರು. ಈಗ ಹರಾಜಿನಲ್ಲಿ ಒಂದೊಂದು ಮಾದರಿಗೂ ಒಂದೊಂದು ಸಂಕೇತ. ಆ ಆಫೀಸ್ ಕುರ್ಚಿಗೆ ಪಿಜೆ-ಎಸ್‌ಐ-28-ಎ. ನಮ್ಮ ಪ್ರಾಡಕ್ಟ್ ಕೋಡ್ ಇದ್ದ ಹಾಗೇ ಇದೆ. 'ಪಿಜೆ' ಅಂದರೆ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ.

ವ್ಯಾಪಾರದ ಬುದ್ಧಿಯನ್ನು ಮೆಚ್ಚಲೇಬೇಕು. ಹರಾಜಿನಲ್ಲಿ ಮಾರಾಟವಾಗೋದು ಮರ ಅಲ್ಲ, ವಂಶಾವಳಿ. ಈ ವಸ್ತು ಎಲ್ಲಿ ಹುಟ್ಟಿತು, ಯಾರ ಬಳಿ ಇತ್ತು, ಕೈಯಿಂದ ಕೈಗೆ ಹೇಗೆ ಬಂತು ಅನ್ನೋ ದಾಖಲೆ ಇದ್ದರೆ ಬೆಲೆ ಏರುತ್ತೆ, ಇಲ್ಲದಿದ್ದರೆ ಅದು ಬರೀ ಹಳೇ ಕುರ್ಚಿ. ಕೂಗಿದ ಬೆಲೆಯ ಮೇಲೆ ಕೊಂಡವರು ಇನ್ನೊಂದು ಪಾಲನ್ನು ಹರಾಜು ಮನೆಗೆ ಕಮಿಷನ್ ಅಂತ ಕಟ್ಟಬೇಕು. 1975ರಲ್ಲಿ ಕ್ರಿಸ್ಟೀಸ್ ಮತ್ತು ಸದಬೀಸ್ ಶುರು ಮಾಡಿದ ಪದ್ಧತಿ ಅದು. ಮಾರುವವರಿಂದಲೂ ವಸೂಲಿ, ಕೊಳ್ಳುವವರಿಂದಲೂ ವಸೂಲಿ. ಇರಲಿ. ಇಲ್ಲಿ ಆ ವಂಶಾವಳಿಯ ಮೊದಲ ಪುಟ ಬರೆದಿದ್ದು ಯಾರು? ಡಬ್ಬದಲ್ಲಿ ಬಿಳಿ ಬಣ್ಣ ಹಿಡಿದು, ಬೇಸರದಿಂದ, ಸಾವಿರಾರು ಕುರ್ಚಿಗಳ ಬೆನ್ನ ಮೇಲೆ ನಂಬರ್ ಬರೆದ ಯಾರೋ ಅಟೆಂಡರು. ಕಳುವಾಗದಿರಲಿ ಅಂತ ಬರೆದ ನಂಬರು ಕೊನೆಗೆ ಮಾರಾಟದ ಸರ್ಟಿಫಿಕೇಟ್ ಆಯಿತು. ಈಗ ನಕಲಿ ಕುರ್ಚಿ ಮಾಡುವವರು ಮೊದಲು ಕಲಿಯೋದು ಆ ಬಿಳಿ ಬರಹವನ್ನಂತೆ.

ಸುದ್ದಿಯಾಗಿ, ಗಲಾಟೆಯಾಗಿ, ಪತ್ರ ವ್ಯವಹಾರ ನಡೆಯಿತು. ಹರಾಜು ನಿಲ್ಲಿಸಿ ಅಂತ ನಮ್ಮವರು ಕೇಳಿದರು. ದಾಖಲೆ ಸರಿಯಿದೆ, ನೀವೇ ಮಾರಿದ್ದೀರಿ ಅನ್ನೋ ಉತ್ತರ ಬಂತು. ಕಾನೂನೂ ಕೈ ಹಿಡಿಯಲಿಲ್ಲ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ಒಂದು ವಸ್ತು 'ಪುರಾತನ' ಅನ್ನಿಸಿಕೊಳ್ಳಲು ಕನಿಷ್ಠ 100 ವರ್ಷ ಆಗಿರಬೇಕು, ಹಸ್ತಪ್ರತಿಯಾದರೆ 75. 1955ರಲ್ಲಿ ಮಾಡಿದ ಕುರ್ಚಿ ನಮ್ಮ ಕಾನೂನಿನ ಕಣ್ಣಿಗೆ ಬೀಳೋದು 2055ಕ್ಕೆ. ಈ 100ರ ಲೆಕ್ಕ ಬರೀ ನಮ್ಮದಲ್ಲ. ಅಮೆರಿಕದಲ್ಲಿ ಸುಂಕವಿಲ್ಲದೆ ಒಳಗೆ ಬರಲು 1830ಕ್ಕಿಂತ ಹಿಂದಿನದಾಗಿರಬೇಕು ಅಂತ ಮೊದಲು ಇತ್ತು, 1966ರಲ್ಲಿ ಅದನ್ನು 100 ವರ್ಷ ಅಂತ ಬದಲಿಸಿದರು. ಅಂದರೆ ಪುರಾತನ ಅನ್ನೋ ಗೆರೆಯನ್ನು ಎಷ್ಟೋ ಸಲ ಎಳೆದಿದ್ದು ಇತಿಹಾಸಕಾರರಲ್ಲ, ಕಸ್ಟಮ್ಸಿನವರು.

2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಚಂಡೀಗಢದ ಪಾರಂಪರಿಕ ಪೀಠೋಪಕರಣಗಳನ್ನು ಇನ್ನು ಮಾರಬಾರದು ಅಂತ ಆದೇಶಿಸಿತು. ಎಣಿಸಿ ಪಟ್ಟಿ ಮಾಡಿದಾಗ 12,000ಕ್ಕೂ ಹೆಚ್ಚು ಉಳಿದಿದ್ದವು. ಆ ಆದೇಶಕ್ಕಿಂತ ಮೊದಲು ಹೊರಗೆ ಹೋದವಕ್ಕೆ ಅದು ತಟ್ಟಲಿಲ್ಲ. 2016ರಲ್ಲಿ ಚಂಡೀಗಢದ ಕ್ಯಾಪಿಟಲ್ ಕಾಂಪ್ಲೆಕ್ಸ್ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕಟ್ಟಡ ಪರಂಪರೆ ಆಯಿತು, ಅದರೊಳಗೆ ಕೂತಿದ್ದ ಕುರ್ಚಿ ಅಷ್ಟರಲ್ಲಿ ಇನ್ನೆಲ್ಲೋ ಇತ್ತು. ಕುರ್ಚಿಯಷ್ಟೇ ಅಲ್ಲ, ಊರಿನ ನಕ್ಷೆ ಕೆತ್ತಿದ್ದ ಮ್ಯಾನ್‌ಹೋಲ್ ಮುಚ್ಚಳ ಕೂಡ ವಿದೇಶದಲ್ಲಿ ಹರಾಜಾಗಿದೆ.

ಅಮೆರಿಕದ ಏಮಿ ಸೀಗಲ್ ಎಂಬ ಕಲಾವಿದೆ 2013ರಲ್ಲಿ ಈ ಕುರ್ಚಿಗಳ ಮೇಲೆ 'ಪ್ರಾವೆನನ್ಸ್' ಅಂತ ಸಿನಿಮಾ ಮಾಡಿದರು. ಕಥೆ ಹಿಂದುಮುಂದಾಗಿ ನಡೆಯುತ್ತೆ. ಶುರುವಾಗೋದು ಶ್ರೀಮಂತರ ಮನೆಗಳಲ್ಲಿ. ಅಲ್ಲಿಂದ ಹರಾಜು, ದುರಸ್ತಿ, ಹಡಗು ಅಂತ ಹಿಂದೆ ಹಿಂದೆ ಹೋಗಿ ಕೊನೆಗೆ ಚಂಡೀಗಢದ ಆಫೀಸುಗಳು. ಆಮೇಲೆ ಅವರು ಏನು ಮಾಡಿದರು ಗೊತ್ತಾ? ಆ ಸಿನಿಮಾವನ್ನೇ ಅದೇ ವರ್ಷ ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ ಹರಾಜಿಗಿಟ್ಟು, ಆ ಹರಾಜನ್ನು ಇನ್ನೊಂದು ಸಿನಿಮಾ ಮಾಡಿದರು. ಅದರ ಹೆಸರು 'ಲಾಟ್ 248'. ತಮಾಷೆಯಾಗಿದೆ, ಆದರೆ ಇಡೀ ವ್ಯವಹಾರವನ್ನು ಇದಕ್ಕಿಂತ ಚೆನ್ನಾಗಿ ಯಾರೂ ವಿವರಿಸಿಲ್ಲ.

ನಾವು ಉಳಿಸಿದೆವು ಅಂತ ವ್ಯಾಪಾರಿಗಳು ಹೇಳ್ತಾರೆ. ಸುಳ್ಳಲ್ಲ, ಅವರು ಬರದಿದ್ದರೆ ಇನ್ನಷ್ಟು ಒಲೆಗೆ ಹೋಗುತ್ತಿದ್ದವು. ನಮ್ಮಿಂದ ಕಸಿದರು ಅಂತ ನಮ್ಮವರು ಹೇಳ್ತಾರೆ. ಅದನ್ನು ಒಪ್ಪೋದು ನನಗೆ ಕಷ್ಟ. ಕಾರಣ ಹೇಳೋಕೆ ಸ್ವಲ್ಪ ನಾಚಿಕೆ ಆಗುತ್ತೆ.

ನನ್ನ ಮೊದಲ ಪ್ರಾಜೆಕ್ಟು ಒಂದು ಸಂಸ್ಥೆಯ ಆಸ್ತಿ ಲೆಕ್ಕದ ಸಾಫ್ಟ್‌ವೇರ್. ಕುರ್ಚಿ, ಮೇಜು, ಫ್ಯಾನು, ಕಂಪ್ಯೂಟರು ಎಲ್ಲಕ್ಕೂ ಒಂದೊಂದು ಆಯುಷ್ಯ. ವರ್ಷ ವರ್ಷ ಬೆಲೆ ಸವೆಯುತ್ತಾ ಬರುತ್ತೆ. ಪೂರ್ತಿ ಸೊನ್ನೆಯಾದರೆ ರಿಜಿಸ್ಟರಿನಿಂದ ಮಾಯವಾಗುತ್ತಲ್ಲ, ಅದಕ್ಕೆ ಒಂದು ರೂಪಾಯಿ ಉಳಿಸೋದು. ಒಂದು ರೂಪಾಯಿಗೆ ಇಳಿದಿದ್ದನ್ನು ಹುಡುಕಿ 'ಸ್ಕ್ರ್ಯಾಪ್' ಅಂತ ಗುರುತು ಹಾಕುವ ಪ್ರೋಗ್ರಾಮ್ ಬರೆದವನು ನಾನು. ರಾತ್ರಿ ಎರಡು ಗಂಟೆಗೆ ತಾನೇ ಓಡುತ್ತಿತ್ತು. ಮರ ಯಾವುದು, ಯಾರು ಮಾಡಿದ್ದು, ಇನ್ನೂ ಗಟ್ಟಿಯಿದೆಯಾ ಅಂತ ಕೇಳೋದಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. ಇಡೀ ಟೀಮಿನಲ್ಲಿ ಯಾರೂ ಅದನ್ನು ಕೇಳಲಿಲ್ಲ, ಆಚಾರಿ ಮನೆಯ ಮೊಮ್ಮಗನೂ ಕೇಳಲಿಲ್ಲ. ಚಂಡೀಗಢದ ಕಂಡಮ್ ಸಮಿತಿಯವರನ್ನು ನಾನು ಯಾವ ಬಾಯಲ್ಲಿ ಬೈಯಲಿ?

ಆ ಹರಾಜಿನ ಫೋಟೋವನ್ನು ಅಪ್ಪನಿಗೆ ಕಳಿಸಿದ್ದೆ. ಅರ್ಧ ಗಂಟೆ ಬಿಟ್ಟು ಫೋನ್ ಬಂತು.

"ಬೆತ್ತ ಚೆನ್ನಾಗಿ ಹೆಣೆದವ್ರೆ. ಹೊಸದಾಗಿ ಹಾಕಿರೋದು ಅದು. ಕಾಲು ಮಾತ್ರ ಹಳೇ ಕೆಲಸ. ಯಾರಪ್ಪ ಮಾಡಿದ್ದು?"

"ಪಿಯೆರ್ ಜೀನರೆ ಅಂತ, ಸ್ವಿಟ್ಜರ್ಲೆಂಡಿನವರು."

"ಅದು ನಕ್ಷೆ ಬರೆದವರಲ್ವಾ? ಮಾಡಿದ್ದು ಯಾರು ಅಂದೆ."

ನನ್ನ ಬಳಿ ಉತ್ತರ ಇರಲಿಲ್ಲ. ಅಷ್ಟು ಓದಿದ್ದರಲ್ಲಿ ಉಳಿ ಹಿಡಿದ ಒಬ್ಬ ಬಡಗಿಯ ಹೆಸರೂ ನನಗೆ ಸಿಕ್ಕಿರಲಿಲ್ಲ. ಮಾರಿದವರು ಯಾರು, ಕೊಂಡವರು ಯಾರು, ಯಾವ ಇಲಾಖೆಯಲ್ಲಿತ್ತು ಎಲ್ಲ ಇದೆ. ಒಂದೇ ಮಾದರಿಯ ಎರಡು ಕುರ್ಚಿಗಳನ್ನು ಪಕ್ಕ ಪಕ್ಕ ಇಟ್ಟರೆ ಅಳತೆಯಲ್ಲಿ, ಅಂಚಿನಲ್ಲಿ ಸಣ್ಣ ವ್ಯತ್ಯಾಸ ಕಾಣುತ್ತೆ. ಬೇರೆ ಬೇರೆ ಕೈ, ಬೇರೆ ಬೇರೆ ಕಾರ್ಖಾನೆ. ನಾವು ಬರೆಯೋ ಕೋಡಿನಲ್ಲಿ ಒಂದು ಅಲ್ಪವಿರಾಮ ಬದಲಾಯಿಸಿದರೂ ಯಾರು, ಎಷ್ಟು ಗಂಟೆಗೆ ಅಂತ ದಾಖಲಾಗುತ್ತೆ. ಅವರ ಪಾಲಿಗೆ ಆ ವ್ಯತ್ಯಾಸ ಒಂದೇ ಸಹಿ.

ಈಗ ಅದೇ ಮಾದರಿಗಳನ್ನು ಹೊಸದಾಗಿ ಮಾಡುವವರಿದ್ದಾರೆ. ಇಟಲಿಯ ಕಸೀನಾ ಕಂಪನಿ 2019ರಲ್ಲಿ ಜೀನರೆ ಗೌರವಾರ್ಥ ಅಂತ ಒಂದು ಸಾಲನ್ನೇ ತಂದಿತು. ನಮ್ಮ ಬೆಂಗಳೂರಿನಲ್ಲೇ ಫ್ಯಾಂಟಮ್ ಹ್ಯಾಂಡ್ಸ್ ಎಂಬ ಸಂಸ್ಥೆ ಚಂಡೀಗಢದ ಕುರ್ಚಿಗಳನ್ನು ತೇಗ ಮತ್ತು ಬೆತ್ತದಲ್ಲಿ ಕೈಯಿಂದ ಮಾಡಿಸಿ ಹೊರದೇಶಗಳಿಗೂ ಕಳಿಸುತ್ತೆ. ಹೆಸರಿನ ಅರ್ಥ ಕಾಣದ ಕೈಗಳು ಅಂತ. ಬೆಲೆ ನೋಡಿದೆ, ನನ್ನ ಸೊಂಟಕ್ಕೆ ಅಷ್ಟು ಯೋಗ್ಯತೆ ಇಲ್ಲ ಅಂತ ಸುಮ್ಮನಾದೆ.

ಆಮೇಲೆ ಹೇಳ್ತೀನಿ ಅಂದಿದ್ದೆನಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮೂರ ಶಾಲೆಗೆ ಸ್ಟೀಲ್ ಡೆಸ್ಕ್ ಬಂದವು. ಹಳೇ ಬೆಂಚುಗಳನ್ನು ಧ್ವಜಕಟ್ಟೆ ಮುಂದೆ ರಾಶಿ ಹಾಕಿ ಸವಾಲ್ ಕೂಗಿದರು. ಅಷ್ಟೂ ಬೆಂಚು ಒಟ್ಟಿಗೆ, ಬಿಡಿಯಾಗಿ ಕೊಡೋದಿಲ್ಲ. ಅಪ್ಪ ಮುನ್ನೂರು ರೂಪಾಯಿವರೆಗೂ ಕೂಗಿ ನಿಲ್ಲಿಸಿದರು. ಇಟ್ಟಿಗೆ ಗೂಡಿನವರೊಬ್ಬರು ನಾನೂರಕ್ಕೆ ಕೂಗಿದರು. ಒಂದು ಸಲ, ಎರಡು ಸಲ, ಮೂರು ಸಲ. ಮುಗೀತು. ಅಪ್ಪ ಟ್ರಾಕ್ಟರಿನ ಹಿಂದೆ ನಡೆದುಕೊಂಡೇ ಹೋಗಿ ಅವರನ್ನು ಕೇಳಿ ಒಂದು ಬೆಂಚು ಇಳಿಸಿಕೊಂಡು ಬಂದರು. ಉಳಿದವು ಗೂಡಿಗೆ ಹೋದವು. ಅವಷ್ಟನ್ನೂ ಮಾಡಿದ್ದು ತಾತ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಮೊಳೆ ಇಲ್ಲ, ಮರಕ್ಕೆ ಮರ ಸೇರಿಸಿ ಬಿದಿರಿನ ಗೂಟ ಹೊಡೆದಿದ್ದು. "ಗೂಟದ ತಲೆ ಓರೆಯಾಗಿ ಕುಯ್ದಿದೆ ನೋಡು, ಅದು ನಿಮ್ಮ ತಾತಂದೇ" ಅಂದಿದ್ದರು ಅಪ್ಪ. ಏಳು ವರ್ಷ ಆ ಬೆಂಚುಗಳ ಮೇಲೆ ಕೂತು, ಕೈವಾರದ ಮೊನೆಯಲ್ಲಿ ಅದರ ಮೇಲೆ ನನ್ನ ಹೆಸರು ಕೆತ್ತಿದ್ದೆ.

ಆ ಬೆಂಚು ಈಗಲೂ ಜಗಲಿಯಲ್ಲಿದೆ. ಅದರ ಮೇಲೆ ಮಿಕ್ಸಿ, ಎರಡು ಅಕ್ಕಿ ಡಬ್ಬ, ಅಮ್ಮನ ಟೀವಿ ರಿಮೋಟು. ಕಳೆದ ಯುಗಾದಿಗೆ ಹೋದಾಗ ಎಲ್ಲ ಇಳಿಸಿ ಬೆಂಚನ್ನು ತಲೆಕೆಳಗು ಮಾಡಿದೆ. ಅಡಿಯಲ್ಲಿ ಬಿಳಿ ಬಣ್ಣ, ಅರ್ಧ ಉದುರಿದೆ. ಹಿ.ಪ್ರಾ.ಶಾ., ಒಂದು ಅಡ್ಡ ಗೆರೆ, 27. ತಾತನ ಹೆಸರು ಎಲ್ಲೂ ಇಲ್ಲ. ಮಾರ್ಕರ್ ತಂದು ಬರೆಯೋಣ ಅಂತ ಎದ್ದೆ, ಆಮೇಲೆ ಯಾಕೋ ಬೇಡ ಅನ್ನಿಸಿತು. ಫೋಟೋ ತೆಗೆದುಕೊಂಡೆ, ಗೂಟದ ತಲೆಗಳದ್ದೂ ತೆಗೆದುಕೊಂಡೆ.

ಹಬ್ಬಕ್ಕೆ ಅಂತ ಅಪ್ಪ ಬಾಗಿಲಿಗೆ ತಂದ ಹಸಿರು ಬಣ್ಣ ಮಿಕ್ಕಿತ್ತು. ಬೆಂಚಿಗೂ ಹೊಡೆಯೋಣ ಅಂದರು. ಆ ನಂಬರಿನ ಮೇಲೆ ಮಾತ್ರ ಹೊಡೀಬೇಡಿ ಅಂದೆ.

"ಯಾಕೆ, ಅದನ್ನೂ ಫಾರಿನ್ನಿಗೆ ಮಾರ್ತೀಯಾ?" ಅಂತ ನಕ್ಕರು. ಸಂಜೆ ನೋಡಿದರೆ ಬೆಂಚೆಲ್ಲ ಹಸಿರಾಗಿತ್ತು. ಅಡಿಯಲ್ಲಿ ಅಂಗೈಯಗಲ ಜಾಗ ಹಾಗೇ ಬಿಟ್ಟಿದ್ದರು. ಗೂಟಗಳ ತಲೆಗೂ ಬಣ್ಣ ಬಿದ್ದಿರಲಿಲ್ಲ. ಅದನ್ನು ನಾನು ಹೇಳಿರಲಿಲ್ಲ.